ಸಿಂಗಪುರ ಕ್ರೂಸ್: ವೈನ್ ಕುಡಿಯುವವನು ನಾನೊಬ್ಬ, ಡ್ರಿಂಕ್ ಪ್ಯಾಕೇಜ್ ಮಾತ್ರ ಇಬ್ಬರಿಗೂ ಕೊಳ್ಳಬೇಕಂತೆ!

ಬನಶಂಕರಿ_ಸೆಕೆಂಡ್_ಸ್ಟೇಜ್
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಸಿಂಗಪುರದಿಂದ 4 ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ರಾಯಲ್ ಕೆರಿಬಿಯನ್ ಹಡಗು. ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್ ನೋಡಿಕೊಂಡು ವಾಪಸ್. ನಾನು, ಹೆಂಡತಿ ಒಂದು ಕ್ಯಾಬಿನ್. ಅಪ್ಪ ಅಮ್ಮ ಪಕ್ಕದ ಕ್ಯಾಬಿನ್. ಟಿಕೆಟ್, ವೀಸಾ ಎಲ್ಲ ಆಯಿತು. ಈಗ ತಲೆ ಕೆಟ್ಟಿರುವುದು ಡ್ರಿಂಕ್ ಪ್ಯಾಕೇಜ್ ವಿಷಯದಲ್ಲಿ, ಅಂದರೆ ದಿನಕ್ಕೆ ಇಷ್ಟು ಅಂತ ಕಟ್ಟಿ ಹಡಗಿನಲ್ಲಿ ಬೇಕಾದ್ದು ಕುಡಿಯುವ ಸ್ಕೀಮ್.

ನಾನು ರಾತ್ರಿ ಊಟದ ಜೊತೆ ಎರಡು ಗ್ಲಾಸ್ ವೈನ್ ಕುಡಿಯುತ್ತೇನೆ. ಮನಸ್ಸಾದರೆ ಸಂಜೆ ಒಂದು ಕಾಕ್‌ಟೇಲ್. ಅಷ್ಟೇ. ಹೆಂಡತಿ ಮದ್ಯ ಮುಟ್ಟುವುದಿಲ್ಲ, ಅವಳಿಗೆ ಒಳ್ಳೆ ಕಾಫಿ, ಜ್ಯೂಸ್ ಸಿಕ್ಕರೆ ಸಾಕು. ನನ್ನೊಬ್ಬನಿಗೆ ಮದ್ಯವೂ ಸೇರಿರುವ ಡಿಲಕ್ಸ್ ಪ್ಯಾಕೇಜ್ ಹಾಕಲು ಹೋದರೆ ವೆಬ್‌ಸೈಟ್ ಕ್ಯಾಬಿನ್‌ನಲ್ಲಿರುವ ಇನ್ನೊಬ್ಬರಿಗೂ ಹಾಕಿ ಅನ್ನುತ್ತಿದೆ. ಏಜೆಂಟ್ ಬೇರೆ ದಿನಾ ಫೋನ್ ಮಾಡಿ "ತಗೊಂಡುಬಿಡಿ ಸಾರ್, ಅಲ್ಲಿ ಒಂದೊಂದಕ್ಕೂ ಕೊಡ್ತಾ ಹೋದ್ರೆ ತುಂಬಾ ಆಗತ್ತೆ" ಅನ್ನುತ್ತಾರೆ. ಕುಡಿಯದವಳ ಹೆಸರಲ್ಲಿ ದುಡ್ಡು ಕಟ್ಟುವುದು ನ್ಯಾಯವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ವಿಜಯನಗರ_ವೀಕೆಂಡ್
ಕಣ್ಣು ಮುಚ್ಚಿಕೊಂಡು ತಗೊಳ್ಳಿ. ರಜೆಗೆ ಹೋಗಿ ಪ್ರತಿ ಗ್ಲಾಸ್‌ಗೂ ಡಾಲರ್ ಲೆಕ್ಕ ಹಾಕುತ್ತಾ ಕೂತರೆ ಅದು ರಜೆ ಹೇಗಾಗುತ್ತದೆ? ಪ್ಯಾಕೇಜ್ ಇದ್ದರೆ ಒಂದು ವೈನ್ ಇಷ್ಟ ಆಗಲಿಲ್ಲ ಅಂದರೆ ಬಿಟ್ಟು ಇನ್ನೊಂದು ಕೇಳಬಹುದು. ಬಿಲ್ ನೋಡಿ ಹೊಟ್ಟೆ ಉರಿಯುವುದಿಲ್ಲ.

ಲೆಕ್ಕ_ಬರೆದಿಡಿ
@ವಿಜಯನಗರ_ವೀಕೆಂಡ್ ನಿಮಗೆ ಸರಿ ಇರಬಹುದು, ಇವರಿಗೆ ಸರಿ ಇಲ್ಲ. ಲೆಕ್ಕ ನೋಡೋಣ.

ಪ್ಯಾಕೇಜ್ ದರ ಹಡಗಿಗೊಂದು, ವಾರಕ್ಕೊಂದು. ಉದಾಹರಣೆಗೆ ದಿನಕ್ಕೆ 75 ಡಾಲರ್ ಅಂತ ಇಟ್ಟುಕೊಳ್ಳಿ. ಅದರ ಮೇಲೆ 18% ಗ್ರಾಚುಯಿಟಿ, ಅಂದರೆ ಹಡಗಿನ ಕೆಲಸದವರಿಗೆ ಅಂತ ಹಾಕುವ ಟಿಪ್ಸ್. ಅಲ್ಲಿಗೆ 88.50. ನಾಲ್ಕು ದಿನಕ್ಕೆ 354. ಇಬ್ಬರಿಗೆ 708 ಡಾಲರ್. ಡಾಲರ್‌ಗೆ 90 ರೂಪಾಯಿ ಹಿಡಿದರೆ ಸುಮಾರು 63,700 ರೂಪಾಯಿ.

ಈಗ ಬಿಡಿಬಿಡಿಯಾಗಿ ಕೊಂಡರೆ? ವೈನ್ ಗ್ಲಾಸ್‌ಗೆ 12, ಕಾಕ್‌ಟೇಲ್‌ಗೆ 14 ಹಿಡಿಯಿರಿ. ಎರಡು ವೈನ್, ಒಂದು ಕಾಕ್‌ಟೇಲ್, 38. ಗ್ರಾಚುಯಿಟಿ ಸೇರಿ 45ರ ಹತ್ತಿರ. ಮನೆಯವರಿಗೆ ಎರಡು ಸ್ಪೆಷಲ್ ಕಾಫಿ, ಒಂದು ಮಾಕ್‌ಟೇಲ್ ಅಂದರೂ 22-23 ಆಗುತ್ತದೆ. ನಾಲ್ಕು ದಿನಕ್ಕೆ ಇಬ್ಬರದೂ ಸೇರಿ 270 ಡಾಲರ್. ಅಂದರೆ 24,000 ಚಿಲ್ಲರೆ. ಉಳಿಯುವುದು ಸುಮಾರು 39,000. ಆ ದುಡ್ಡಿಗೆ ಫುಕೆಟ್‌ನಲ್ಲಿ ನಾಲ್ಕೂ ಜನ ದೋಣಿ ಮಾಡಿಕೊಂಡು ದ್ವೀಪ ಸುತ್ತಬಹುದು.

ಪ್ಯಾಕೇಜ್ ದುಡ್ಡು ವಾಪಸ್ ಬರಬೇಕಾದರೆ ಒಬ್ಬೊಬ್ಬರು ದಿನಕ್ಕೆ ಐದಾರು ಡ್ರಿಂಕ್ ಕುಡಿಯಬೇಕು. ದಿನಾ. ಪೆನಾಂಗ್‌ನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಊರು ಸುತ್ತುವ ದಿನವೂ.

ವಿಜಯನಗರ_ವೀಕೆಂಡ್
ನೀವು ನೀರು, ಕೋಕ್ ಬಿಟ್ಟುಬಿಟ್ಟಿರಿ. ಬಾಟಲ್ ನೀರು, ಸೋಡಾ, ಫ್ರೆಶ್ ಜ್ಯೂಸ್ ಎಲ್ಲ ಅದರಲ್ಲೇ ಬರುತ್ತದೆ. ಪೂಲ್ ಹತ್ತಿರ ಬಿಸಿಲಲ್ಲಿ ಕೂತರೆ ಗೊತ್ತಾಗುತ್ತದೆ ಎಷ್ಟು ಕುಡಿಯುತ್ತೀವಿ ಅಂತ.

ಲೆಕ್ಕ_ಬರೆದಿಡಿ
ಕುಡಿಯುವ ನೀರು ಬಫೆಯಲ್ಲಿ ಉಚಿತ. ಸಾದಾ ಕಾಫಿ, ಟೀ, ಲೆಮನೇಡ್ ಉಚಿತ. ಬೆಳಗ್ಗೆ ತಿಂಡಿ ಜೊತೆ ಜ್ಯೂಸ್ ಉಚಿತ. ಖಾಲಿ ಬಾಟಲ್ ತಗೊಂಡು ಹೋಗಿ ತುಂಬಿಸಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಉಚಿತ ಇರುವುದನ್ನು ಪ್ಯಾಕೇಜ್ ಲಾಭ ಅಂತ ಸೇರಿಸಿದರೆ ಹೇಗೆ?

ಮಲ್ಲೇಶ್ವರ_8ನೇ_ಅಡ್ಡರಸ್ತೆ
ಅಪ್ಪ ಕುಡಿಯುತ್ತಾರಾ? ಕುಡಿಯುವುದಾದರೆ ಬುಕಿಂಗ್‌ನಲ್ಲಿ ನೀವು ಅಪ್ಪ ಒಂದು ಕ್ಯಾಬಿನ್, ಅತ್ತೆ ಸೊಸೆ ಇನ್ನೊಂದು ಅಂತ ಹಾಕಿಸಿ. ಹತ್ತಿದ ಮೇಲೆ ಗೆಸ್ಟ್ ಸರ್ವಿಸ್‌ನಲ್ಲಿ ಎರಡೂ ಕ್ಯಾಬಿನ್‌ಗೆ ಕೀ ಕೇಳಿ. ನಿಯಮ ಇರುವುದು ಕ್ಯಾಬಿನ್ ಲೆಕ್ಕದಲ್ಲಿ. ತುಂಬಾ ಜನ ಹೀಗೇ ಮಾಡುತ್ತಾರೆ.

ಬನಶಂಕರಿ_ಸೆಕೆಂಡ್_ಸ್ಟೇಜ್
ಅಪ್ಪ ಕುಡಿಯುವುದಿಲ್ಲ. ನನ್ನ ಗ್ಲಾಸ್ ನೋಡಿದರೆ ಮುಖ ಆ ಕಡೆ ತಿರುಗಿಸುತ್ತಾರೆ, ಬೈಯುವುದಿಲ್ಲ ಅಷ್ಟೇ.

ಕುಡ್ಲದ_ಕಡಲು
ನಾನು ಮಂಗಳೂರಿನವನು. ಹಡಗುಗಳ ಬಾರ್‌ನಲ್ಲಿ ಕೆಲಸ ಮಾಡಿ ಈಗ ಬೆಂಗಳೂರಿನಲ್ಲಿ ಇದ್ದೇನೆ. ಒಳಗಿನ ಕೆಲವು ವಿಷಯ ಹೇಳುತ್ತೇನೆ.

ಆ ಕ್ಯಾಬಿನ್ ನಿಯಮ ಏಜೆಂಟ್ ಹುಟ್ಟಿಸಿದ್ದಲ್ಲ. ಕಂಪನಿಯದೇ. ಕಾರ್ನಿವಲ್, ಎಂಎಸ್‌ಸಿ ಕಂಪನಿಗಳ ಹಡಗುಗಳಲ್ಲೂ ಇದೆ. ಒಬ್ಬರು ಪ್ಯಾಕೇಜ್ ತಗೊಂಡು ಕ್ಯಾಬಿನ್‌ನಲ್ಲಿ ಇನ್ನೊಬ್ಬರಿಗೆ ಕುಡಿಸುತ್ತಾರೆ ಅಂತ ಅವರ ಭಯ. ಹಂಚಿ ಕುಡಿಯುವುದು ಸಿಕ್ಕಿಬಿದ್ದರೆ ಪ್ಯಾಕೇಜ್ ರದ್ದು ಮಾಡುವ ಹಕ್ಕು ಅವರಿಗೆ ಇದೆ. ಆದರೆ ಒಂದು ದಾರಿ ಇದೆ. ನಿಮ್ಮ ಮನೆಯವರು ಧರ್ಮದ ಕಾರಣಕ್ಕೋ ಆರೋಗ್ಯದ ಕಾರಣಕ್ಕೋ ಕುಡಿಯುವುದಿಲ್ಲ ಅಂದರೆ ಕಂಪನಿಗೆ ಫೋನ್ ಮಾಡಿ ಹೇಳಿ. ಎಷ್ಟೋ ಸಲ ಅವರಿಗೆ ಮದ್ಯ ಇಲ್ಲದ ರಿಫ್ರೆಶ್‌ಮೆಂಟ್ ಪ್ಯಾಕೇಜ್ ಸಾಕು ಅಂತ ಒಪ್ಪುತ್ತಾರೆ. ಜ್ಯೂಸ್, ಮಾಕ್‌ಟೇಲ್, ಸ್ಪೆಷಲ್ ಕಾಫಿ, ಸೋಡಾ ಅದರಲ್ಲಿ ಬರುತ್ತದೆ. ವೆಬ್‌ಸೈಟ್‌ನಲ್ಲಿ ಇದು ಆಗುವುದಿಲ್ಲ, ಫೋನ್‌ನಲ್ಲೇ ಆಗಬೇಕು.

ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ಯಾಕೇಜ್ ತಗೊಳ್ಳುವುದಿಲ್ಲ. ಬಾಟಲ್ ತಗೊಳ್ಳುತ್ತೇನೆ. ಒಂದು 750 ಎಂಎಲ್ ಬಾಟಲ್‌ನಿಂದ 150 ಎಂಎಲ್‌ನ ಐದು ಗ್ಲಾಸ್ ಬರುತ್ತದೆ. ಗ್ಲಾಸ್ ಲೆಕ್ಕದಲ್ಲಿ 12 ಡಾಲರ್ ಇರುವ ವೈನ್ ಐದು ಗ್ಲಾಸ್‌ಗೆ 60. ಅದೇ ವೈನ್ ಬಾಟಲ್‌ಗೆ 48 ಆಸುಪಾಸಿಗೆ ಸಿಕ್ಕಿದರೆ ಒಂದು ಗ್ಲಾಸ್ ಉಳಿತಾಯ. ಒಂದೇ ರಾತ್ರಿ ಮುಗಿಸಬೇಕು ಅಂತಿಲ್ಲ. ಉಳಿದದ್ದನ್ನು ವೇಟರ್‌ಗೆ ಕೊಟ್ಟರೆ ಕಾರ್ಕ್ ಹಾಕಿ ಕ್ಯಾಬಿನ್ ನಂಬರ್ ಬರೆದು ಇಡುತ್ತಾರೆ. ಮರುದಿನ ಬೇರೆ ರೆಸ್ಟೋರೆಂಟ್‌ಗೆ ಹೋದರೂ ಕೇಳಿದರೆ ತರಿಸಿಕೊಡುತ್ತಾರೆ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಗ್ಲಾಸ್‌ನಲ್ಲಿ ಮಾರುವ ವೈನ್ ಯಾವಾಗ ತೆರೆದದ್ದು ಅಂತ ಧೈರ್ಯವಾಗಿ ಕೇಳಿ. ಜಾಸ್ತಿ ಓಡದ ವೈನ್ ಆದರೆ ನಿನ್ನೆ ಮೊನ್ನೆ ತೆರೆದ ಬಾಟಲ್ ಇರಬಹುದು. ಗಾಳಿ ಸೋಕಿ ರುಚಿ ಹೋಗಿರುತ್ತದೆ. ಕೇಳಿದರೆ ಒಳ್ಳೆ ಬಾರ್‌ಟೆಂಡರ್ ಹೊಸ ಬಾಟಲ್ ತೆರೆದು ಕೊಡುತ್ತಾನೆ. ಅದರಲ್ಲಿ ಸಂಕೋಚ ಏನೂ ಇಲ್ಲ.

ಶೇಷಾದ್ರಿಪುರಂ_ಸವಿತ
@ಕುಡ್ಲದ_ಕಡಲು ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹೊರಗಿನಿಂದ ವೈನ್ ತಗೊಂಡು ಹೋಗಬಹುದಾ?

ಕುಡ್ಲದ_ಕಡಲು
ರಾಯಲ್ ಕೆರಿಬಿಯನ್‌ನಲ್ಲೂ ಕಾರ್ನಿವಲ್‌ನಲ್ಲೂ ಕುಡಿಯುವ ವಯಸ್ಸಿನ ಒಬ್ಬೊಬ್ಬರಿಗೆ ಒಂದು 750 ಎಂಎಲ್ ವೈನ್ ಅಥವಾ ಶಾಂಪೇನ್ ಬಿಡುತ್ತಾರೆ. ಹತ್ತುವ ದಿನ ಮಾತ್ರ. ಸೀಲ್ ಇರಬೇಕು. ಕೈಚೀಲದಲ್ಲಿ ಇಟ್ಟುಕೊಳ್ಳಿ, ದೊಡ್ಡ ಸೂಟ್‌ಕೇಸ್‌ನಲ್ಲಿ ಬೇಡ. ಕ್ಯಾಬಿನ್‌ನಲ್ಲಿ ಕುಡಿದರೆ ಏನೂ ಕೊಡಬೇಕಾಗಿಲ್ಲ. ಊಟದ ಹಾಲ್‌ಗೆ ಒಯ್ದರೆ ಕಾರ್ಕೇಜ್ ಅಂತ 15 ಡಾಲರ್ ಹಾಕುತ್ತಾರೆ. ವಿಸ್ಕಿ, ರಮ್, ಬಿಯರ್ ಒಳಗೆ ಬಿಡುವುದಿಲ್ಲ. ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ.

ದೊಡ್ಡಬಳ್ಳಾಪುರ_ದ್ರಾಕ್ಷಿ
ಹಾಗಾದರೆ ನಮ್ಮ ನಂದಿ ಬೆಟ್ಟದ ಬುಡದ ವೈನ್ ತಗೊಂಡು ಹೋಗಿ! ಗ್ರೋವರ್ ವೈನ್ ಕಂಪನಿ ನಮ್ಮ ಕಡೆಯದೇ, 1988ರಿಂದ ಇದೆ. ಅವರ ಲಾ ರಿಸರ್ವ್ ಕೆಂಪು ವೈನ್ ಕೆಬರ್ನೆ, ಶಿರಾಝ್ ಎರಡೂ ದ್ರಾಕ್ಷಿ ಸೇರಿದ್ದು. ಹಡಗಿನಲ್ಲಿ ಗ್ಲಾಸ್‌ಗೆ 12 ಡಾಲರ್ ಕೊಟ್ಟು ಕುಡಿಯುವ ಮಾಮೂಲಿ ಕೆಂಪು ವೈನ್‌ಗಿಂತ ನನಗೆ ಇದೇ ಇಷ್ಟ. ನಮ್ಮೂರಿನದು ಅಂತಷ್ಟೇ ಹೇಳುತ್ತಿಲ್ಲ, ಕುಡಿದು ನೋಡಿ ಹೇಳಿ.

ಕೋರಮಂಗಲ_ಕಾರ್ಕ್
ನಂದಿ ಬೆಟ್ಟದ ದ್ರಾಕ್ಷಿ ಅಂದರೆ ಬೆಂಗಳೂರ್ ಬ್ಲೂ ಅಲ್ವಾ? ಅದರಲ್ಲಿ ಒಳ್ಳೆ ವೈನ್ ಹೇಗೆ ಆಗುತ್ತದೆ? ಸಿಹಿ ಜ್ಯೂಸ್ ತರಹ ಇರುತ್ತದೆ.

ದೊಡ್ಡಬಳ್ಳಾಪುರ_ದ್ರಾಕ್ಷಿ
ಅಲ್ಲ ಸ್ವಾಮಿ. ಬೆಂಗಳೂರ್ ಬ್ಲೂ ಬೇರೆ. ಅದು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿ. ಭೌಗೋಳಿಕ ಸೂಚಕ ಮಾನ್ಯತೆ ಇದೆ. ಜ್ಯೂಸ್‌ಗೆ, ಜಾಮ್‌ಗೆ, ಸಿಹಿ ಪೋರ್ಟ್ ಬಗೆಯ ವೈನ್‌ಗೆ ಹೋಗುತ್ತದೆ. ನಾನು ಹೇಳಿದ್ದು ಫ್ರೆಂಚ್ ತಳಿ ತಂದು ಇಲ್ಲಿ ಬೆಳೆಸಿದ ದ್ರಾಕ್ಷಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಹಂಪಿ ಕಡೆ ಕೃಷ್ಮಾ ವೈನರಿ ಇದೆ, ಚನ್ನಪಟ್ಟಣದ ಹತ್ತಿರ ಸುಲಾದವರದೂ ಇದೆ. 2007ರಲ್ಲಿ ರಾಜ್ಯದಲ್ಲಿ ವೈನ್ ಬೋರ್ಡ್ ಕೂಡ ಬಂತು. ನಮ್ಮ ಜನಕ್ಕೇ ನಮ್ಮ ವೈನ್ ಗೊತ್ತಿಲ್ಲ ಅಂದರೆ ಬೇಜಾರಾಗುತ್ತದೆ.

ಕೋರಮಂಗಲ_ಕಾರ್ಕ್
ಸರಿ, ಒಪ್ಪಿದೆ. ಲಾ ರಿಸರ್ವ್ ಈ ವಾರ ತಂದು ನೋಡುತ್ತೇನೆ.

ಏರ್‌ಪೋರ್ಟ್_ರೋಡ್
ಒಯ್ಯುವವರಿಗೆ ಒಂದು ಮಾತು. ವಿಮಾನದಲ್ಲಿ ಬಾಟಲ್ ಚೆಕ್‌ ಇನ್ ಸೂಟ್‌ಕೇಸ್‌ನಲ್ಲಿ ಇರಬೇಕು. ಸಿಂಗಪುರದಲ್ಲಿ ಇಳಿದ ಮೇಲೆ ಕೈಚೀಲಕ್ಕೆ ಹಾಕಿಕೊಂಡು ಹಡಗು ಹತ್ತಿ. ಸಿಂಗಪುರದ ಒಳಗೆ ಸುಂಕ ಇಲ್ಲದೆ 2 ಲೀಟರ್ ವೈನ್ ತರಬಹುದು, ಆದರೆ ಅದಕ್ಕೆ ಮೊದಲು 48 ಗಂಟೆಗಿಂತ ಕಮ್ಮಿ ಇಲ್ಲದೆ ಸಿಂಗಪುರದ ಹೊರಗೆ ಇದ್ದಿರಬೇಕು. ಬೆಂಗಳೂರಿಂದ ಹೋಗುವವರಿಗೆ ಅದು ಸಮಸ್ಯೆ ಅಲ್ಲ. ಮಲೇಷ್ಯಾದಿಂದ ಬಂದರೆ ಮಾತ್ರ ಆ ರಿಯಾಯಿತಿ ಇಲ್ಲ. ಹಾಗಾಗಿ ಹಡಗಿನ ಅಂಗಡಿಯಲ್ಲಿ ಬಾಟಲ್ ಕೊಳ್ಳುವ ಮೊದಲು ನಿಮ್ಮ ಕೊನೆಯ ನಿಲ್ದಾಣ ಪೆನಾಂಗಾ ಫುಕೆಟ್ಟಾ ಅಂತ ನೋಡಿಕೊಳ್ಳಿ. ಬೆಂಗಳೂರಿಗೆ ವಾಪಸ್ ಬರುವಾಗ ದೊಡ್ಡವರು ಒಬ್ಬೊಬ್ಬರಿಗೆ 2 ಲೀಟರ್ ಮದ್ಯ ಅಥವಾ ವೈನ್ ಬಿಡುತ್ತಾರೆ.

ಹಲಸೂರು_ಕೆರೆ
ಯಾರಾದರೂ 18% ಬಗ್ಗೆ ಮಾತಾಡಿ. ಗ್ಲಾಸ್‌ಗೆ 14 ಡಾಲರ್ ತಗೊಂಡ ಮೇಲೆ ಮತ್ತೆ ಗ್ರಾಚುಯಿಟಿ ಯಾಕೆ? ಸುಲಿಗೆ ಇದು.

ಕುಡ್ಲದ_ಕಡಲು
ನಿಮ್ಮ ಸಿಟ್ಟು ಅರ್ಥ ಆಗುತ್ತದೆ, ಆದರೆ ಅದನ್ನು ಬಾರ್‌ನಲ್ಲಿ ನಿಂತವನ ಮೇಲೆ ತೋರಿಸಬೇಡಿ. ಮೂಲ ಸಂಬಳ ಕಮ್ಮಿ ಇರುತ್ತದೆ. ಮನೆಗೆ ಕಳಿಸುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಗ್ರಾಚುಯಿಟಿಯಿಂದಲೇ. ತಿಂಗಳುಗಟ್ಟಲೆ ವಾರದ ರಜೆ ಇಲ್ಲದೆ ದುಡಿಯುತ್ತಾರೆ. ಮಂಗಳೂರು, ಗೋವಾ ಕಡೆ ಎಷ್ಟೋ ಮನೆ ಎದ್ದಿರುವುದು ಇದರಿಂದ. ಬೇಸರ ಇದ್ದರೆ ಕಂಪನಿಗೆ ಬರೆಯಿರಿ.

ಹಲಸೂರು_ಕೆರೆ
ಕೆಲಸದವರ ಮೇಲೆ ನನಗೆ ಏನೂ ಇಲ್ಲ. ದರದಲ್ಲೇ ಸೇರಿಸಿ ಹೇಳಲಿ ಅಂತ ನನ್ನ ವಾದ. ನಾರ್ವೀಜಿಯನ್ ಅನ್ನುವ ಕ್ರೂಸ್ ಕಂಪನಿಯಲ್ಲಿ "ಉಚಿತ ಓಪನ್ ಬಾರ್" ಅಂತ ಜಾಹೀರಾತು ಹಾಕುತ್ತಿದ್ದರು. ಉಚಿತ ಅಂದ ಮೇಲೂ ಅದರ ಬೆಲೆಯ ಮೇಲೆ 20% ಸರ್ವಿಸ್ ಚಾರ್ಜ್ ಕಟ್ಟಬೇಕು. ನಮ್ಮ ಏಜೆಂಟ್ ಒಬ್ಬರು "ಆಲ್ ಇನ್‌ಕ್ಲೂಸಿವ್" ಅಂತ ಹೇಳಿ ದುಡ್ಡು ಕಟ್ಟಿಸಿಕೊಂಡು ಆಮೇಲೆ ಇದನ್ನು ತೋರಿಸಿದರು. ಹೇಳುವಾಗಲೇ ಪೂರ್ತಿ ಮೊತ್ತ ಹೇಳಿದರೆ ಜನ ಕೊಡುತ್ತಾರೆ.

ಲೆಕ್ಕ_ಬರೆದಿಡಿ
ಇದರಲ್ಲಿ ನಾನು @ಹಲಸೂರು_ಕೆರೆ ಅವರ ಪರ. ಇನ್ನೂ ಒಂದು ಖರ್ಚು ಇದೆ. ಹಡಗಿನ ಬಿಲ್ ಡಾಲರ್‌ನಲ್ಲಿ ನಿಮ್ಮ ಕಾರ್ಡ್‌ಗೆ ಬರುತ್ತದೆ. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಹಣದ ಖರ್ಚಿಗೆ ಫಾರೆಕ್ಸ್ ಮಾರ್ಕಪ್ ಅಂತ 3.5% ತನಕ ಹೆಚ್ಚುವರಿ ಶುಲ್ಕ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದರೆ ಅದನ್ನೇ ಕೊಡಿ.

ವಿಜಯನಗರ_ವೀಕೆಂಡ್
ಎಲ್ಲರೂ ಪ್ಯಾಕೇಜ್ ಬೇಡ ಅಂತಲೇ ಹೇಳುತ್ತಿದ್ದೀರಿ. ನಾವು ಸ್ನೇಹಿತರೆಲ್ಲ ಸೇರಿ ಹೋದಾಗ ಎಲ್ಲರೂ ಕುಡಿಯುವವರೇ. ಸಮುದ್ರದ ಮೇಲೇ ಇರುವ ದಿನ ಮಧ್ಯಾಹ್ನ ಬಿಯರ್, ಸಂಜೆ ಕಾಕ್‌ಟೇಲ್, ಊಟಕ್ಕೆ ವೈನ್, ಆಮೇಲೆ ಕಾಫಿ. ನಮಗೆ ಲಾಭವೇ ಆಯಿತು. ಪ್ಯಾಕೇಜ್ ಕೆಟ್ಟದ್ದು ಅಂತ ಬರೆದುಬಿಟ್ಟರೆ ಓದುವವರಿಗೆ ದಾರಿ ತಪ್ಪುತ್ತದೆ.

ಶೇಷಾದ್ರಿಪುರಂ_ಸವಿತ
ಸ್ನೇಹಿತರ ಗುಂಪು ಬೇರೆ, ಅಪ್ಪ ಅಮ್ಮನ ಜೊತೆ ಹೋಗುವುದು ಬೇರೆ. ಅಪ್ಪನ ಎದುರು ಮಧ್ಯಾಹ್ನ ಬಿಯರ್ ಹಿಡಿದು ಕೂರುತ್ತಾರಾ ಅವರು? ಅವರ ಪ್ರಶ್ನೆಗೆ ಉತ್ತರ ಕೊಡಿ.

ವಿಜಯನಗರ_ವೀಕೆಂಡ್
ಅದು ನಿಜ. ಅವರಿಗೆ ಬೇಡ. ಆದರೆ ತಗೊಳ್ಳುವವರಿಗೆ ಹೇಳುತ್ತೇನೆ: ಹಡಗು ಹತ್ತಿದ ಮೇಲೆ ತಗೊಳ್ಳಬೇಡಿ, ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ. ಸಾಮಾನ್ಯವಾಗಿ ಕಮ್ಮಿ ಇರುತ್ತದೆ. ದರ ಏರಿಳಿಯುತ್ತದೆ. ಕೊಂಡ ಮೇಲೆ ಇಳಿದರೆ ರದ್ದು ಮಾಡಿ ಮತ್ತೆ ಹೊಸ ದರಕ್ಕೆ ಕೊಳ್ಳಬಹುದು. ಮತ್ತೆ ಮಿತಿ ನೋಡಿ. ರಾಯಲ್ ಕೆರಿಬಿಯನ್‌ನ ಡಿಲಕ್ಸ್‌ನಲ್ಲಿ 14 ಡಾಲರ್ ತನಕದ ಡ್ರಿಂಕ್ ಬರುತ್ತದೆ, ಅದಕ್ಕಿಂತ ಜಾಸ್ತಿ ಬೆಲೆಯದಕ್ಕೆ ವ್ಯತ್ಯಾಸ ಕೊಡಬೇಕು. ಕಾರ್ನಿವಲ್‌ನಲ್ಲಿ ದಿನಕ್ಕೆ 15 ಮದ್ಯದ ಡ್ರಿಂಕ್ ಅಂತ ಮಿತಿ ಇದೆ.

ಜೆಪಿ_ನಗರ_ಜಾನಕಿ
15!! ದಿನಕ್ಕೆ!! ಯಾರು ಕುಡಿಯುತ್ತಾರೆ ಅಷ್ಟು?

ರಾಗಿಗುಡ್ಡ_ಡಾಕ್ಟ್ರು
ಆ ಸಂಖ್ಯೆ ನೋಡಿ ನಾನು ಬರೆಯಲೇಬೇಕು ಅನ್ನಿಸಿತು. ನಮ್ಮವರು ಹಡಗು, ಬಸ್ಸು ಅಂದ ಕೂಡಲೇ ವಾಂತಿ ಬರದಿರಲಿ ಅಂತ ಅವೋಮಿನ್ ಮಾತ್ರೆ ಇಟ್ಟುಕೊಳ್ಳುತ್ತಾರೆ. ಅದರಲ್ಲಿರುವುದು ಪ್ರೊಮೆಥಜೀನ್. ಅದೇ ನಿದ್ದೆ ತರಿಸುತ್ತದೆ. ಅದರ ಮೇಲೆ ವೈನ್ ಬಿದ್ದರೆ ಮಂಪರು ತುಂಬಾ ಹೆಚ್ಚಾಗುತ್ತದೆ. ಅಲುಗಾಡುವ ಹಡಗಿನ ಮೆಟ್ಟಿಲ ಮೇಲೆ ಅದು ಅಪಾಯ. ಮಾತ್ರೆ ತಗೊಂಡ ದಿನ ಮದ್ಯ ಬೇಡವೇ ಬೇಡ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ಹೋಗುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಬಹಳಷ್ಟು ಪ್ರವಾಸ ವಿಮೆಗಳಲ್ಲಿ ಕುಡಿದು ಆದ ಅಪಘಾತಕ್ಕೆ ದುಡ್ಡು ಬರುವುದಿಲ್ಲ. ಪಾಲಿಸಿ ಓದಿ. ಹಡಗಿನ ಆಸ್ಪತ್ರೆ ಬಿಲ್ ಸಣ್ಣದಲ್ಲ.

ಜೆಪಿ_ನಗರ_ಜಾನಕಿ
ಇದನ್ನು ಎಲ್ಲರೂ ಓದಬೇಕು. ನಮ್ಮ ಮಾವನಿಗೆ ಈಗಲೇ ಕಳಿಸುತ್ತೇನೆ.

ಕೋರಮಂಗಲ_ಕಾರ್ಕ್
ಯಾವ ವೈನ್ ಅಂತ ಯಾರೂ ಹೇಳಲಿಲ್ಲ. ಸಿಂಗಪುರದ ಹಡಗುಗಳಲ್ಲಿ ಇಂಡಿಯನ್ ಊಟ ಸಿಗುತ್ತದೆ. ಖಾರದ ಊಟಕ್ಕೆ ಗಟ್ಟಿ ಕೆಂಪು ವೈನ್ ತಗೊಂಡು ಬಾಯಿ ಉರಿದು "ವೈನ್ ಚೆನ್ನಾಗಿಲ್ಲ" ಅನ್ನುತ್ತಾರೆ. ಟ್ಯಾನಿನ್ (ಕೆಂಪು ವೈನ್‌ನ ಒಗರು) ಜಾಸ್ತಿ, ಆಲ್ಕೋಹಾಲ್ ಜಾಸ್ತಿ ಇದ್ದರೆ ಖಾರ ಇನ್ನೂ ಖಾರ ಅನ್ನಿಸುತ್ತದೆ. ಅಂಥ ಊಟಕ್ಕೆ ಬಿಳಿ ವೈನ್ ತಗೊಳ್ಳಿ, ಸ್ವಲ್ಪ ಸಿಹಿ ಇರುವ ರೀಸ್ಲಿಂಗ್ ಕೇಳಿ. ಶೆನಿನ್ ಬ್ಲಾಂಕ್ ಆಗುತ್ತದೆ. ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ವೈನ್ ಕೂಡ ಚೆನ್ನಾಗಿ ಹೋಗುತ್ತದೆ. ಪಾಸ್ತಾ, ಚೀಸ್, ಮಟನ್ ಇದ್ದ ರಾತ್ರಿ ಕೆಂಪು ಇಟ್ಟುಕೊಳ್ಳಿ.

ದೊಡ್ಡಬಳ್ಳಾಪುರ_ದ್ರಾಕ್ಷಿ
ಮುದ್ದೆ ಬಸ್ಸಾರಿಗೆ ಯಾವುದು?

ಕೋರಮಂಗಲ_ಕಾರ್ಕ್
ಬಸ್ಸಾರಿನ ಖಾರ, ಬೆಳ್ಳುಳ್ಳಿ ಎರಡಕ್ಕೂ ತಣ್ಣಗಿನ ಶೆನಿನ್ ಹೊಂದುತ್ತದೆ. ಮನೆಯಲ್ಲಿ ಮಾಡಿ ನೋಡಿದ್ದೇನೆ, ನಿಜವಾಗಿಯೂ ಚೆನ್ನಾಗಿತ್ತು.

ತುಮಕೂರು_ರಸ್ತೆ
ವಿದೇಶ ಯಾಕೆ, ಮುಂಬೈಯಿಂದ ಕಾರ್ಡೇಲಿಯಾ ಕಂಪನಿಯ ಹಡಗಿದೆ, ಹೆಸರು ಎಂಪ್ರೆಸ್. ಅದೂ ಮೊದಲು ರಾಯಲ್ ಕೆರಿಬಿಯನ್‌ನದೇ, 1990ರ ಹಡಗು. ಇಲ್ಲಿ 2021ರಿಂದ ಓಡುತ್ತಿದೆ. ಊಟ ಟಿಕೆಟ್‌ನಲ್ಲೇ ಬರುತ್ತದೆ, ಮದ್ಯಕ್ಕೆ ಬೇರೆ ಕೊಡಬೇಕು. ರೂಪಾಯಿಯಲ್ಲಿ ಕೊಡುವುದರಿಂದ ಫಾರೆಕ್ಸ್ ತಲೆನೋವು ಇಲ್ಲ. ಲಕ್ಷದ್ವೀಪಕ್ಕೆ ಹೋಗುವವರು ಒಂದು ನೆನಪಿಡಿ, ಅಲ್ಲಿ ಜನ ಇರುವ ದ್ವೀಪಗಳಲ್ಲಿ ಮದ್ಯ ನಿಷೇಧ ಇದೆ. ಬಾಟಲ್ ಹಿಡಿದು ಕೆಳಗೆ ಇಳಿಯಬೇಡಿ.

ಜೆಪಿ_ನಗರ_ಜಾನಕಿ
ಹಡಗಿನ ಉಚಿತ ಕಾಫಿ ಹೇಗಿರುತ್ತದೆ? ನನಗೆ ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗುವುದಿಲ್ಲ.

ಶೇಷಾದ್ರಿಪುರಂ_ಸವಿತ
ನೀರು ನೀರು. ಇನ್‌ಸ್ಟಂಟ್ ಪುಡಿ ಒಯ್ಯಿರಿ. ಬಫೆಯಲ್ಲಿ ಬಿಸಿನೀರು, ಹಾಲು ಸಿಗುತ್ತದೆ. ಎಲೆಕ್ಟ್ರಿಕ್ ಕೆಟಲ್ ಮಾತ್ರ ಒಯ್ಯಬೇಡಿ, ಬೆಂಕಿ ಭಯಕ್ಕೆ ಎತ್ತಿಟ್ಟುಕೊಳ್ಳುತ್ತಾರೆ.

ಬನಶಂಕರಿ_ಸೆಕೆಂಡ್_ಸ್ಟೇಜ್
ಎಲ್ಲರಿಗೂ ತುಂಬಾ ಧನ್ಯವಾದ. ಹೆಂಡತಿ ಜೊತೆ ಕೂತು ಪೂರ್ತಿ ಓದಿದೆ. ಪ್ಯಾಕೇಜ್ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ನಮ್ಮ ಕ್ಯಾಬಿನ್ ಲೆಕ್ಕಕ್ಕೆ ಎರಡು ಬಾಟಲ್ ಇಲ್ಲಿಂದಲೇ, ಒಂದು ಲಾ ರಿಸರ್ವ್, ಒಂದು ಶೆನಿನ್. ಕಾಕ್‌ಟೇಲ್ ಬೇಕಾದಾಗ ಬಿಡಿಯಾಗಿ. ಅವಳಿಗೆ ರಿಫ್ರೆಶ್‌ಮೆಂಟ್ ಪ್ಯಾಕೇಜ್ ಮಾತ್ರ ತಗೊಳ್ಳೋಣ ಅಂದುಕೊಂಡಿದ್ದೆ, ಬಿಡಿಯಾಗಿಯೇ ಸಾಕು ಅಂದಳು. ಏಜೆಂಟ್‌ಗೆ ಹೇಳಿಬಿಟ್ಟೆ.

@ಕುಡ್ಲದ_ಕಡಲು ಒಂದು ಕೊನೆ ಪ್ರಶ್ನೆ. ಒಂದು ಬಾಟಲ್‌ಗೆ ಕಾರ್ಕ್ ಇದೆ. ಓಪನರ್ ಒಯ್ಯಬೇಕಾ?

ಕುಡ್ಲದ_ಕಡಲು
ಬೇಡ. ಚಾಕು ಇರುವ ಓಪನರ್ ಆದರೆ ಸೆಕ್ಯುರಿಟಿಯಲ್ಲಿ ಹಿಡಿಯಬಹುದು. ಕ್ಯಾಬಿನ್ ನೋಡಿಕೊಳ್ಳುವ ಅಟೆಂಡೆಂಟ್‌ಗೆ ಹೇಳಿ, ತೆರೆದು ಕೊಡುತ್ತಾನೆ, ಗ್ಲಾಸ್ ಕೂಡ ತಂದು ಕೊಡುತ್ತಾನೆ. ಶೆನಿನ್ ಮಧ್ಯಾಹ್ನವೇ ಕ್ಯಾಬಿನ್ ಫ್ರಿಜ್‌ಗೆ ಹಾಕಿ. ಆ ಫ್ರಿಜ್ ಸರಿಯಾಗಿ ತಣ್ಣಗಾಗುವುದಿಲ್ಲ, ಕುಡಿಯುವ ಸ್ವಲ್ಪ ಮುಂಚೆ ಐಸ್ ಬಕೆಟ್ ಕೇಳಿ. ಐಸ್‌ಗೆ ದುಡ್ಡಿಲ್ಲ.